ಚಿಕ್ಕಮ್ಮ, ಯಾವುದು ತಗೊಳ್ಲಿ?

ಅಕ್ಕನ ಮಗಳು ವಾಟ್ಸಾಪಿನಲ್ಲಿ ಮೂರು ಲಿಂಕ್ ಕಳಿಸಿ ಎರಡು ವಾರ ಆಯಿತು. ಮೊದಲನೆಯದು ಲಿಪ್‌ಸ್ಟಿಕ್ ಆಕಾರದ ಪೆಪ್ಪರ್ ಸ್ಪ್ರೇ. ಎರಡನೆಯದು ಟಾರ್ಚಿನ ಹಾಗಿರುವ, ಗುಂಡಿ ಒತ್ತಿದರೆ ತುದಿಯಲ್ಲಿ ಚಟಚಟ ಅಂತ ಕಿಡಿ ಹಾರುವ ಶಾಕ್ ಯಂತ್ರ. ಮೂರನೆಯದು ಬೆಕ್ಕಿನ ಮುಖದ ಕೀ ಚೈನು. ಬೆಕ್ಕಿನ ಕಣ್ಣಿನ ತೂತಿನಲ್ಲಿ ಬೆರಳು ತೂರಿಸಿ ಮುಷ್ಟಿ ಹಿಡಿದರೆ ಎರಡು ಕಿವಿ ಎರಡು ಮೊಳೆಯ ಹಾಗೆ ಮುಂದಕ್ಕೆ ನಿಲ್ಲುತ್ತವೆ. ಕೆಳಗೆ ಒಂದೇ ಸಾಲು: "ಚಿಕ್ಕಮ್ಮ, ಯಾವುದು ತಗೊಳ್ಲಿ?" ಹುಡುಗಿ ಶಿವಮೊಗ್ಗದಿಂದ ಬಂದು ಮಾರತ್ತಹಳ್ಳಿ ಹತ್ತಿರ ಪಿಜಿ ಸೇರಿದ್ದಾಳೆ. ವಾರಕ್ಕೆ ಎರಡು ದಿನ ರಾತ್ರಿ ಪಾಳಿ.

ಯಾವ ಕುಕ್ಕರ್ ತಗೊಳ್ಳೋದು, ಪಿಜಿಗೆ ಎಂಥ ಬೆಡ್‌ಶೀಟ್ ಒಳ್ಳೇದು ಅಂತೆಲ್ಲ ಕೇಳಿದರೆ ಅರ್ಧ ನಿಮಿಷದಲ್ಲಿ ಉತ್ತರ ಕೊಡೋಳು ನಾನು. ಇದಕ್ಕೆ ಮಾತ್ರ "ನೋಡಿ ಹೇಳ್ತೀನಿ ಕಣೇ" ಅಂತ ಬರೆದು ಸುಮ್ಮನೆ ಕೂತಿದ್ದೇನೆ. ಹತ್ತು ವರ್ಷಕ್ಕಿಂತ ಜಾಸ್ತಿ ಬ್ಯಾಗಿನಲ್ಲಿ ಪೆಪ್ಪರ್ ಸ್ಪ್ರೇ ಇಟ್ಟುಕೊಂಡು ಓಡಾಡಿದವಳು ನಾನು. ಅದು ಬೇಕು ಅನ್ನಿಸಿದ ಹೊತ್ತೂ ಬಂದಿತ್ತು. ಆದರೂ ಆ ಹೊತ್ತಿನಲ್ಲಿ ಅದನ್ನು ಹೊರಗೆ ತೆಗೆಯಲಿಲ್ಲ. ಯಾಕೆ ತೆಗೆಯಲಿಲ್ಲ ಅನ್ನೋದನ್ನು ನನಗೇ ಸರಿಯಾಗಿ ಹೇಳಿಕೊಳ್ಳದೆ ಅವಳಿಗೆ ಏನು ಹೇಳಲಿ?

ಅಕ್ಕ ಕೊಟ್ಟ ಪಿನ್ನು

ನನ್ನ ಕೈಗೆ ಬಂದ ಮೊದಲ ಆಯುಧವನ್ನು ಕೊಟ್ಟವಳು ಇದೇ ಹುಡುಗಿಯ ಅಮ್ಮ. ನಾನಾಗ ಪಿಯುಸಿ, ದಿನಾ ಭದ್ರಾವತಿಯಿಂದ ಶಿವಮೊಗ್ಗಕ್ಕೆ ಬಸ್ಸು. ಕಾಲೇಜು ಶುರುವಾಗುವ ಹಿಂದಿನ ರಾತ್ರಿ ಅಕ್ಕ ಪೌಡರ್ ಡಬ್ಬಿಯ ಪಕ್ಕದಿಂದ ಒಂದು ದೊಡ್ಡ ಪಿನ್ನು ತೆಗೆದು ನನ್ನ ದುಪಟ್ಟಾದ ಒಳಮಗ್ಗುಲಿಗೆ ಹಾಕಿದಳು. "ರಶ್ಶಿದ್ರೆ ಬಿಚ್ಚಿ ಕೈಯಲ್ಲಿ ಇಟ್ಕೋ. ಮಾತಾಡಬೇಡ, ತಿರುಗಿ ನೋಡಬೇಡ. ಸುಮ್ನೆ ಚುಚ್ಚು" ಅಂದಳು. ಈ ಪಿನ್ನಿನ ಕಥೆ ನಿಮ್ಮ ಮನೆಯಲ್ಲೂ ಇರುತ್ತೆ, ಜಾಸ್ತಿ ವಿವರಿಸಬೇಕಾಗಿಲ್ಲ.

ಒಂದು ದಿನ ಬಸ್ಸಲ್ಲಿ ಕಾಲಿಡಲೂ ಜಾಗವಿರಲಿಲ್ಲ. ಹಿಂದಿನಿಂದ ಒಂದು ಕೈ ಬಂತು. ಬ್ರೇಕ್ ಹಾಕಿದ್ದಕ್ಕೆ ತಾಗಿತೇನೋ ಅಂದುಕೊಂಡೆ. ಮತ್ತೆ ಬಂತು. ಅಕ್ಕ ಹೇಳಿದ ಹಾಗೆ ತಿರುಗಿ ನೋಡದೆ ಚುಚ್ಚಿದೆ. ಹಿಂದೆ ಯಾರೋ "ಹಾ!" ಅಂದರು. ಪಕ್ಕದವರು "ಏನಾಯ್ತ್ರೀ?" ಅಂತ ಕೇಳಿದರು. "ಏನಿಲ್ಲ, ಏನಿಲ್ಲ" ಅಂತು ಆ ದನಿ. ಆಮೇಲೆ ಶಿವಮೊಗ್ಗ ಬರೋವರೆಗೆ ನನ್ನ ಬೆನ್ನ ಹಿಂದೆ ಒಂದು ಗೇಣು ಜಾಗ ಖಾಲಿ ಇತ್ತು, ಅಷ್ಟು ರಶ್ಶಿನಲ್ಲೂ.

ಆ "ಏನಿಲ್ಲ, ಏನಿಲ್ಲ" ನನಗೆ ಇವತ್ತಿಗೂ ನೆನಪಿದೆ. ಅವನು ದೂರು ಹೇಳೋ ಹಾಗೇ ಇರಲಿಲ್ಲ. ಹೇಳಿದರೆ ತನ್ನ ಕೈ ಎಲ್ಲಿತ್ತು ಅಂತಲೂ ಹೇಳಬೇಕಾಗುತ್ತಿತ್ತು. ನಾನೂ ಯಾರ ಕಡೆಗೂ ಬೆರಳು ತೋರಿಸಬೇಕಾಗಲಿಲ್ಲ, "ಇವನೇ" ಅಂತ ನಾಲ್ಕು ಜನರ ಮುಂದೆ ನಿಂತು ಸಾಧಿಸಬೇಕಾಗಲಿಲ್ಲ. ನನಗೆ ಖಾತ್ರಿ ಇಲ್ಲದಿದ್ದರೂ ಪಿನ್ನು ತನ್ನ ಕೆಲಸ ಮಾಡಿತು. ಬರಬಾರದ ಜಾಗಕ್ಕೆ ಬಂದ ಕೈಗೆ ಮಾತ್ರ ಅದು ತಾಗುತ್ತೆ. (ಒಂದು ಸಲ ಯಾರದೋ ಚೀಲದೊಳಗಿನ ಟೊಮೆಟೊಗೂ ಚುಚ್ಚಿದ್ದೆ. ಅದರಿಂದ ಯಾರಿಗೂ ದೊಡ್ಡ ನಷ್ಟವೇನೂ ಆಗಲಿಲ್ಲ.)

ತಾರಸಿ, ಗಾಳಿ, ಸಂಡಿಗೆ

ಸ್ಪ್ರೇ ಕೊಂಡಿದ್ದು 2013ರ ಜನವರಿಯಲ್ಲಿ. ಡಿಸೆಂಬರ್ 16ರ ದೆಹಲಿ ಬಸ್ಸಿನ ಅತ್ಯಾಚಾರದ ಸುದ್ದಿ ಬಂದ ಮೇಲೆ ಆಫೀಸಿನಲ್ಲಿ ಎಲ್ಲರೂ ಕೊಳ್ಳುತ್ತಿದ್ದರು, ನಾನೂ ಕೊಂಡೆ. ರಾಜಾಜಿನಗರದ ಮೆಡಿಕಲ್ ಶಾಪಿನಲ್ಲಿ ಕೆಮ್ಮಿನ ಸಿರಪ್ಪಿನ ಪಕ್ಕದಲ್ಲೇ ಇಟ್ಟಿದ್ದರು. ಲೈಸೆನ್ಸ್ ಬೇಡ, ಚೀಟಿ ಬೇಡ. ಬ್ಯಾಗಿಗೆ ಹಾಕಿದೆ, ಮರೆತೆ. ಅದು ಹೇಗೆ ಕೆಲಸ ಮಾಡುತ್ತೆ ಅಂತ ನೋಡೋಣ ಅನ್ನಿಸಿದ್ದು ಒಂದು ವರ್ಷ ಕಳೆದ ಮೇಲೆ, ಒಂದು ಭಾನುವಾರ ಬೆಳಿಗ್ಗೆ.

ತಾರಸಿಗೆ ಹೋದೆ. ಮೊದಲು ಅದರ ಲಾಕ್ ತೆಗೆಯಲು ಬರಲಿಲ್ಲ. ಹೆಬ್ಬೆರಳಿನಿಂದ ಪಕ್ಕಕ್ಕೆ ತಳ್ಳಿ ಆಮೇಲೆ ಕೆಳಗೆ ಒತ್ತಬೇಕು. ಹಗಲು ಹೊತ್ತಿನಲ್ಲಿ, ಯಾರೂ ಅಟ್ಟಿಸಿಕೊಂಡು ಬರದೆ ಇರುವಾಗ, ಕನ್ನಡಕ ಹಾಕಿಕೊಂಡು ಅದನ್ನು ಕಂಡುಹಿಡಿಯಲು ನನಗೆ ಒಂದು ನಿಮಿಷ ಬೇಕಾಯಿತು. ಕೊನೆಗೆ ನೀರಿನ ಟ್ಯಾಂಕಿನ ಕಡೆ ಗುರಿಯಿಟ್ಟು ಒತ್ತಿದೆ. ಆರೇಳು ಅಡಿ ದೂರಕ್ಕೆ ತೆಳ್ಳಗೆ ಮಂಜಿನ ಹಾಗೆ ಹೋಯಿತು. ಪರವಾಗಿಲ್ವೇ ಅಂದುಕೊಳ್ಳುವಷ್ಟರಲ್ಲಿ ಗಾಳಿ ತಿರುಗಿತು. ಅರ್ಧ ನನ್ನ ಮುಖಕ್ಕೆ ಬಂತು, ಉಳಿದರ್ಧ ತಾರಸಿಯ ಆ ತುದಿಗೆ ಹೋಯಿತು. ಆ ತುದಿಯಲ್ಲಿ ಓನರ್ ಆಂಟಿ ಹಳೇ ಸೀರೆ ಹಾಸಿ ಸಂಡಿಗೆ ಇಡುತ್ತಿದ್ದರು.

ಒಣಮೆಣಸಿನಕಾಯಿ ಒಗ್ಗರಣೆ ಸೀದು ಹೋದಾಗ ಮನೆಯಿಡೀ ಘಾಟು ತುಂಬಿ ಎಲ್ಲರೂ ಕೆಮ್ಮುತ್ತಾ ಕಿಟಕಿಗೆ ಓಡ್ತಾರಲ್ಲ, ಅದರ ಹತ್ತರಷ್ಟು ಅಂದುಕೊಳ್ಳಿ. ಕಣ್ಣು ತಾನಾಗೇ ಮುಚ್ಚಿಕೊಂಡಿತು. ಮುಚ್ಚಿಕೊಂಡಿತು ಅಂದರೆ ನಾನು ತೆರೆಯೋಣ ಅಂದರೂ ತೆರೆಯಲ್ಲ. ಆ ಕಡೆಯಿಂದ ಆಂಟಿ ಕೆಮ್ಮಿನ ನಡುವೆ "ಯಾರೇ ಅದು ಒಗ್ಗರಣೆ ಸೀಯಿಸಿದ್ದು?" ಅಂತ ಕೂಗುತ್ತಿದ್ದರು. ನಾನು ಗೋಡೆ ಸವರಿಕೊಂಡು ಕೆಳಗಿಳಿದು ಮುಖಕ್ಕೆ ನೀರು ಎರಚಿಕೊಂಡೆ. ಮೊದಮೊದಲು ಉರಿ ಇಳಿಯುವ ಬದಲು ಕತ್ತಿನವರೆಗೆ ಹರಡಿತು. ಖಾರದ ಎಣ್ಣೆ ನೀರಲ್ಲಿ ಕರಗಲ್ಲ. ಹಸಿಮೆಣಸಿನಕಾಯಿ ಹೆಚ್ಚಿದ ಕೈ ಎಷ್ಟು ತೊಳೆದರೂ ಉರಿಯುತ್ತಲ್ವಾ, ಹಾಗೆ. ಉಜ್ಜದೆ, ಮಕ್ಕಳ ಶಾಂಪೂ ಹಾಕಿ ಮತ್ತೆ ಮತ್ತೆ ತಣ್ಣೀರಲ್ಲಿ ತೊಳೆದು, ಗಾಳಿಗೆ ಮುಖ ಕೊಟ್ಟು ನಿಂತ ಮೇಲೆ ಮುಕ್ಕಾಲು ಗಂಟೆಯಲ್ಲಿ ಸರಿಹೋಯಿತು. ಸಂಡಿಗೆಯನ್ನು ಆಂಟಿ ಎಸೆಯಲಿಲ್ಲ. ಕರಿದು ನಮಗೇ ಕೊಟ್ಟರು. ಸೇಡು ತೀರಿಸಿಕೊಂಡರೋ, ಪ್ರೀತಿಯಿಂದ ಕೊಟ್ಟರೋ ಗೊತ್ತಿಲ್ಲ.

ಅಂದಹಾಗೆ ಹೆಸರಿನಲ್ಲಿ ಪೆಪ್ಪರ್ ಇದ್ದರೂ ಅದರಲ್ಲಿರೋದು ನಮ್ಮ ಮಲೆನಾಡಿನ ಕಾಳುಮೆಣಸಲ್ಲ. ಒಣಮೆಣಸಿನಕಾಯಿಯಿಂದ ತೆಗೆದ ಓಲಿಯೋರೆಸಿನ್ ಅನ್ನುವ ಗಟ್ಟಿ ಎಣ್ಣೆ. ಬ್ಯಾಡಗಿ ಮೆಣಸಿನಕಾಯಿಯಿಂದಲೂ ಓಲಿಯೋರೆಸಿನ್ ತೆಗೆಯುತ್ತಾರೆ. ಆದರೆ ಬ್ಯಾಡಗಿ ಹೆಸರು ಮಾಡಿರೋದು ಬಣ್ಣಕ್ಕೆ, ಖಾರ ಕಡಿಮೆ. ಹಾಗಾಗಿ ಅದರ ಎಣ್ಣೆ ಲಿಪ್‌ಸ್ಟಿಕ್ಕಿಗೂ ಹೋಗುತ್ತೆ. ಹುಡುಗಿ ಕಳಿಸಿದ ಲಿಪ್‌ಸ್ಟಿಕ್ ಆಕಾರದ ಸ್ಪ್ರೇ ನೋಡಿ ನನಗೆ ನಗು ಬಂದಿದ್ದು ಇದಕ್ಕೇ.

ಬೆಳಗಿನ ಜಾವ ನಾಲ್ಕೂ ಮುಕ್ಕಾಲು

ಈಗ ಹೇಳಬೇಕಾಗಿರೋದು ಸ್ಪ್ರೇ ಬೇಕು ಅನ್ನಿಸಿದ ಆ ಹೊತ್ತಿನ ವಿಷಯ. ಊರಿಂದ ರಾತ್ರಿ ಬಸ್ಸಿಗೆ ಬಂದು ನವರಂಗ್ ಹತ್ತಿರ ಇಳಿದೆ. ಚಳಿಗಾಲ. ಇನ್ನೂ ಕತ್ತಲು. ಆಟೋದವರು ಅಷ್ಟು ಹತ್ತಿರಕ್ಕೆ ಬರಲ್ಲ ಅಂದರು. ಹತ್ತು ನಿಮಿಷದ ದಾರಿ ತಾನೇ ಅಂತ ನಡೆದೆ. ಎರಡನೇ ಕ್ರಾಸಿನಲ್ಲಿ ಗೊತ್ತಾಯಿತು, ರಸ್ತೆಯ ಆಚೆ ಬದಿಯಲ್ಲಿ ಒಬ್ಬ ನನ್ನ ಜೊತೆಜೊತೆಗೇ ನಡೆಯುತ್ತಿದ್ದಾನೆ. ನಾನು ನಿಧಾನ ಮಾಡಿದರೆ ಅವನೂ ನಿಧಾನ. ಮೊಬೈಲ್ ನೋಡೋ ಹಾಗೆ ನಿಂತೆ. ಅವನೂ ನಿಂತು ಚಪ್ಪಲಿ ಸರಿ ಮಾಡಿಕೊಂಡ. ನಾನು ಬಲಕ್ಕೆ ತಿರುಗಿದೆ, ಅವನೂ ರಸ್ತೆ ದಾಟಿ ಬಲಕ್ಕೆ ತಿರುಗಿದ.

ಈಗ ಬರೆಯುವಾಗ ಎಲ್ಲ ಸ್ಪಷ್ಟವಾಗಿ ಕಾಣುತ್ತೆ. ಆಗ ಹಾಗಿರಲಿಲ್ಲ. ಅವನ ಹೆಗಲ ಮೇಲೂ ಬ್ಯಾಗಿತ್ತು. ಅವನೂ ನನ್ನ ಹಾಗೆ ಊರಿಂದ ಬಂದಿರಬಹುದು, ಇದೇ ರಸ್ತೆಯಲ್ಲಿ ಮನೆ ಇರಬಹುದು, ಕತ್ತಲಲ್ಲಿ ಒಬ್ಬನೇ ನಡೆಯಲು ಅವನಿಗೂ ಭಯವಿರಬಹುದು. ಸ್ಪ್ರೇ ಬ್ಯಾಗಿನ ತಳದಲ್ಲಿತ್ತು, ಅಮ್ಮ ಕಟ್ಟಿಕೊಟ್ಟ ಚಟ್ನಿಪುಡಿ, ಉಪ್ಪಿನಕಾಯಿ ಬಾಟಲಿಯ ಅಡಿಯಲ್ಲಿ. ಆದರೆ ನಾನು ಅದನ್ನು ತೆಗೆಯದೆ ಇದ್ದಿದ್ದು ತಳದಲ್ಲಿತ್ತು ಅಂತಲ್ಲ. ತೆಗೆದು ಏನು ಮಾಡೋದು? ಚಪ್ಪಲಿ ಸರಿ ಮಾಡಿಕೊಂಡವನ ಕಣ್ಣಿಗೆ ಖಾರ ಹೊಡೆಯೋಕಾಗುತ್ತಾ? ಖಾತ್ರಿಯಾಗೋವರೆಗೆ ಕಾಯೋಣ ಅಂದರೆ, ಖಾತ್ರಿಯಾಗೋ ಹೊತ್ತಿಗೆ ಅವನು ಎಷ್ಟು ಹತ್ತಿರ ಬಂದಿರ್ತಾನೆ?

ಮುಂದಿನ ತಿರುವಿನಲ್ಲಿ ಹಾಲಿನ ಬೂತಿನ ದೀಪ ಕಂಡಿತು. ವ್ಯಾನಿನಿಂದ ಕ್ರೇಟು ಇಳಿಸುತ್ತಿದ್ದರು. ನನ್ನ ಮನೆ ಇದ್ದಿದ್ದು ಎಡಕ್ಕೆ, ನಾನು ಬಲಕ್ಕೆ ತಿರುಗಿ ಬೂತಿಗೆ ಹೋಗಿ ನಿಂತೆ. ಅರ್ಧ ಲೀಟರ್ ಹಾಲು ಕೇಳಿದೆ. ಕೈ ನಡುಗುತ್ತಿತ್ತು, ದುಡ್ಡು ಕೊಡೋದನ್ನೇ ಮರೆತು ನಿಂತಿದ್ದೆ. ಬೂತಿನವರು "ಯಾಕಮ್ಮಾ, ಚಿಲ್ಲರೆ ಇಲ್ವಾ?" ಅಂದರು. ನಾನು ರಸ್ತೆ ಕಡೆ ನೋಡಿದೆ. ಅವರೂ ನಾನು ನೋಡಿದ ಕಡೆ ನೋಡಿದರು. ಆ ಮನುಷ್ಯ ಬೂತಿನ ಮುಂದೆ ಹಾದು ಹೋಗಿ, ಮೂಲೆಯಲ್ಲಿ ಸ್ವಲ್ಪ ಹೊತ್ತು ನಿಂತು, ಒಮ್ಮೆ ಹಿಂದಕ್ಕೆ ನೋಡಿ ಹೊರಟುಹೋದ. "ಇಲ್ಲೇ ನಿಂತ್ಕೊಳಮ್ಮ, ಬೆಳಕಾಗ್ಲಿ" ಅಂದರು ಬೂತಿನವರು, ಬೇರೇನೂ ಕೇಳಲಿಲ್ಲ. ಅವನು ಯಾರು, ಏನು ಅಂತ ನನಗೆ ಇವತ್ತಿಗೂ ಗೊತ್ತಿಲ್ಲ.

ಖಾತ್ರಿ ಇಲ್ಲದಾಗ

ನನ್ನ ತಕರಾರು ಇಷ್ಟೇ. ಈ ಸಾಮಾನು ಮಾರೋರೆಲ್ಲ ಎಷ್ಟು ದೂರ ಹೋಗುತ್ತೆ, ಎಷ್ಟು ಖಾರ, ಎಷ್ಟು ವೋಲ್ಟ್ ಅಂತ ಹೇಳ್ತಾರೆ. ಅದನ್ನು ಬಳಸಬೇಕಾದರೆ ನಿಮಗೆ ಎಷ್ಟು ಖಾತ್ರಿ ಇರಬೇಕು ಅಂತ ಯಾರೂ ಹೇಳಲ್ಲ. ಪಿನ್ನಿಗೆ ಖಾತ್ರಿ ಬೇಕಾಗಿಲ್ಲ. ಹಾಲಿನ ಬೂತಿಗೆ ತಿರುಗಲು ಖಾತ್ರಿ ಬೇಕಾಗಿಲ್ಲ, ತಪ್ಪಿದರೆ ಅರ್ಧ ಲೀಟರ್ ಹಾಲು ಜಾಸ್ತಿಯಾಗುತ್ತೆ ಅಷ್ಟೆ. ಸ್ಪ್ರೇಗೆ ಪೂರ್ತಿ ಖಾತ್ರಿ ಬೇಕು. ನನ್ನ ಅನುಭವದಲ್ಲಿ ಭಯದ ಹೊತ್ತೆಲ್ಲ "ಇರಬಹುದಾ? ಇಲ್ವೇನೋ" ಅನ್ನೋದರಲ್ಲೇ ಕಳೆದುಹೋಗಿದೆ.

ಕಾನೂನಿನಲ್ಲೂ ಈ ಖಾತ್ರಿಯ ಪ್ರಶ್ನೆ ಬರುತ್ತೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಸೆಕ್ಷನ್ 34ರಿಂದ 44ರವರೆಗೆ ಆತ್ಮರಕ್ಷಣೆಯ ಹಕ್ಕಿನ ವಿಷಯವಿದೆ. ಹಳೇ ಐಪಿಸಿಯ 96ರಿಂದ 106ರಲ್ಲಿ ಇದ್ದಿದ್ದೇ. ಓದಿದರೆ ಧೈರ್ಯ ಬರುತ್ತೆ. ಮೊದಲ ಏಟು ಬೀಳೋವರೆಗೆ ಕಾಯಬೇಕಾಗಿಲ್ಲ. ಅಪಾಯ ಇದೆ ಅನ್ನೋ ಭಯಕ್ಕೆ ಸರಿಯಾದ ಕಾರಣ ಹುಟ್ಟಿದ ಕೂಡಲೇ ಹಕ್ಕು ಶುರುವಾಗುತ್ತೆ, ಆ ಭಯ ಇರೋವರೆಗೆ ಇರುತ್ತೆ. ಆದರೆ ಕಾಪಾಡಿಕೊಳ್ಳಲು ಎಷ್ಟು ಬೇಕೋ ಅದಕ್ಕಿಂತ ಜಾಸ್ತಿ ಪೆಟ್ಟು ಕೊಡೋ ಹಾಗಿಲ್ಲ. ಓಡಿಹೋಗ್ತಿರೋನ ಹಿಂದೆ ಹೋಗಿ ಸ್ಪ್ರೇ ಹೊಡೆದರೆ ಅದು ಆತ್ಮರಕ್ಷಣೆ ಆಗಲ್ಲ. ನಮ್ಮ ಹೈಕೋರ್ಟಿನ ಮುಂದೆ 2024ರಲ್ಲಿ ಇಂಥದ್ದೇ ಒಂದು ಕೇಸು ಬಂದಿತ್ತು. ಜಾಗದ ಜಗಳದಲ್ಲಿ ಸೆಕ್ಯುರಿಟಿಯವರ ಮೇಲೆ ಪೆಪ್ಪರ್ ಸ್ಪ್ರೇ ಹೊಡೆದ ಆರೋಪ. ನಮ್ಮನ್ನು ಕಾಪಾಡಿಕೊಳ್ಳಲು ಹೊಡೆದೆವು ಅನ್ನೋ ವಾದವನ್ನು ಕೋರ್ಟು ಒಪ್ಪಲಿಲ್ಲ, ಜೀವಕ್ಕೆ ತಕ್ಷಣದ ಅಪಾಯ ಕಾಣುತ್ತಿಲ್ಲ ಅಂತು. ಪೆಪ್ಪರ್ ಸ್ಪ್ರೇ ಅಪಾಯಕಾರಿ ಆಯುಧ ಹೌದೋ ಅಲ್ಲವೋ ಅಂತ ಹೇಳುವ ಕಾನೂನು ಇಲ್ಲಿ ಇಲ್ಲದ್ದರಿಂದ 2018ರ ಒಂದು ಅಮೆರಿಕದ ತೀರ್ಪನ್ನು ನೋಡಿ, ಹೌದು ಆಯುಧವೇ ಅಂತ ಹೇಳಿ, ಕೇಸು ರದ್ದು ಮಾಡಲು ನಿರಾಕರಿಸಿತು. ಕೆಮ್ಮಿನ ಸಿರಪ್ಪಿನ ಪಕ್ಕದಲ್ಲಿ ಸಿಗೋ ವಸ್ತು ಕೋರ್ಟಿಗೆ ಹೋದಾಗ ಮಚ್ಚಿನ ಸಾಲಿಗೆ ಸೇರಬಹುದು ಅನ್ನೋದು ಹುಡುಗಿಗೆ ಗೊತ್ತಿರಲಿ.

ಹಾಗಂತ ಸ್ಪ್ರೇ ಬೇಡ ಅಂತ ನಾನು ಹೇಳಲ್ಲ. ಅವಳು ಕಳಿಸಿದ ಮೂರರಲ್ಲಿ ಸ್ವಲ್ಪವಾದರೂ ದೂರದಿಂದ ಕೆಲಸ ಮಾಡೋದು ಅದೊಂದೇ. ತಪ್ಪಿಸಿಕೊಳ್ಳಲು ದಾರಿ ಇಲ್ಲ, ಎದುರಿಗಿರೋನ ಉದ್ದೇಶದಲ್ಲಿ ಅನುಮಾನ ಇಲ್ಲ ಅನ್ನುವಾಗ ಅದು ಕೊಡೋ ಕೆಲವು ನಿಮಿಷ ಓಡೋಕೆ ಸಾಕು. ಮಂಜಿನ ಹಾಗೆ ಹರಡೋದಕ್ಕಿಂತ ನೀರಿನ ಪಿಚಕಾರಿಯ ಹಾಗೆ ನೇರ ಹೋಗೋದು ಗಾಳಿಗೆ ಕಡಿಮೆ ಹೆದರುತ್ತೆ. ಬಾಟಲಿಯ ಮೇಲಿನ ತಾರೀಕು ನೋಡಬೇಕು, ವರ್ಷ ಕಳೆದಂತೆ ಒಳಗಿನ ಒತ್ತಡ ಸೋರಿಹೋಗುತ್ತೆ. ನನ್ನದು 2016ಕ್ಕೇ ಮುಗಿದಿತ್ತು, ಅದಾದ ಮೇಲೂ ಎಷ್ಟೋ ವರ್ಷ ಧೈರ್ಯಕ್ಕೆ ಅಂತ ಹೊತ್ತುಕೊಂಡು ಓಡಾಡಿದೆ. ವಿಮಾನದಲ್ಲಿ ಕೈಚೀಲಕ್ಕೂ ಬಿಡಲ್ಲ, ಲಗೇಜಿಗೂ ಬಿಡಲ್ಲ. ಕಾರಿನೊಳಗೆ, ಲಿಫ್ಟಿನೊಳಗೆ ಒತ್ತಿದರೆ ಹೊಡೆದವರಿಗೂ ಅಷ್ಟೇ ಪಾಲು. 2014ರ ಫೆಬ್ರುವರಿ 13ರಂದು ತೆಲಂಗಾಣ ಮಸೂದೆ ಮಂಡಿಸುವಾಗ ಲೋಕಸಭೆಯೊಳಗೆ ಒಬ್ಬ ಸಂಸದರು ಹೊಡೆದ ಸ್ಪ್ರೇ ನೆನಪಿದೆಯಲ್ವಾ? ಅಷ್ಟು ದೊಡ್ಡ ಹಾಲಿನಲ್ಲೂ ಪಕ್ಷಭೇದವಿಲ್ಲದೆ ಕೆಮ್ಮಿದರು, ಕೆಲವರನ್ನು ಆಸ್ಪತ್ರೆಗೆ ಸೇರಿಸಬೇಕಾಯಿತು.

ಶಾಕ್ ಯಂತ್ರ ನನಗೆ ಹಿಡಿಸಲಿಲ್ಲ. ಲಕ್ಷಗಟ್ಟಲೆ ವೋಲ್ಟ್ ಅಂತ ಬರೆದಿರ್ತಾರೆ, ಆ ಅಂಕಿಯಿಂದ ಏನೂ ತಿಳಿಯಲ್ಲ. ಅದನ್ನು ಮೈಗೆ ಒತ್ತಿ ಹಿಡೀಬೇಕು, ದಪ್ಪ ಜಾಕೆಟ್ ಇದ್ದರೆ ಮುಗೀತು. ಅಷ್ಟು ಹತ್ತಿರ ಬಂದೋನು ಅದನ್ನೇ ಕಿತ್ತುಕೊಂಡರೆ? ದೂರದಿಂದ ತಂತಿ ಹಾರಿಸೋ ಟೇಸರ್ ಬೇರೆ ವಸ್ತು, ಅದು ಶಸ್ತ್ರಾಸ್ತ್ರ ನಿಯಮಗಳ ಒಳಗೆ ಬರುತ್ತೆ, ಆ ಕಡೆ ಹೋಗೋದೇ ಬೇಡ. ಬೆಕ್ಕಿನ ಕೀ ಚೈನಿಗೂ ಇದೇ ಮಾತು, ಅದಕ್ಕೆ ಮುಷ್ಟಿಯ ಬಲ ಬೇರೆ ಬೇಕು. ನಮ್ಮಜ್ಜಿಯ ಕಾಲದ ಖಾರದಪುಡಿ ಪೊಟ್ಟಣದ ವಿಷಯ ಬಿಡಿ, "ಕಣ್ಣಿಗೆ ಖಾರದಪುಡಿ ಎರಚಿ ಸರ ಕಿತ್ತು ಪರಾರಿ" ಅನ್ನೋ ಸುದ್ದಿಯನ್ನು ನಾವೆಲ್ಲ ಓದಿದ್ದೇವೆ. ಕಳ್ಳರಿಗೆ ಅದು ನಮಗಿಂತ ಚೆನ್ನಾಗಿ ಗೊತ್ತು.

ಕಿಂಡಿ

ಆತ್ಮರಕ್ಷಣೆಯ ಮಾತು ಬಂದರೆ ಭಾಷಣದಲ್ಲಿ ಓಬವ್ವ ಬಂದೇ ಬರುತ್ತಾಳೆ, ಕೈಯಲ್ಲಿ ಒನಕೆ ಹಿಡಿದು. ಚಿತ್ರದುರ್ಗದ ಕೋಟೆಯಲ್ಲಿ ಆ ಕಿಂಡಿಯ ಮುಂದೆ ನಿಂತಾಗ ನನಗೆ ಅನ್ನಿಸಿದ್ದು ಬೇರೆ. ಒಬ್ಬರು ತೂರುವುದೇ ಕಷ್ಟ ಅನ್ನುವಷ್ಟು ಇಕ್ಕಟ್ಟು ಅದು. ಹೈದರಾಲಿಯ ಸೈನಿಕರು ಎಷ್ಟೇ ಜನ ಇದ್ದರೂ ಒಬ್ಬೊಬ್ಬರಾಗೇ ತಲೆ ಹಾಕಬೇಕಾಗಿತ್ತು. ಬಯಲಿನಲ್ಲಿ ಅದೇ ಒನಕೆ ಹಿಡಿದು ನಿಂತಿದ್ದರೆ? ಅವಳು ನಿಂತ ಜಾಗದ ಬಗ್ಗೆ ಯಾರೂ ಭಾಷಣ ಮಾಡಲ್ಲ. ಇದಕ್ಕೆ ಪೂರ್ತಿ ಉಲ್ಟಾ 2013ರ ನವೆಂಬರಿನಲ್ಲಿ ಬೆಂಗಳೂರಿನ ಕಾರ್ಪೊರೇಷನ್ ಸರ್ಕಲ್ಲಿನ ಎಟಿಎಂನಲ್ಲಿ ಒಬ್ಬ ಮಹಿಳೆಯ ಮೇಲೆ ನಡೆದ ಹಲ್ಲೆ. ಹಲ್ಲೆ ಮಾಡಿದವನು ಒಳಗೆ ಬಂದು ಮೊದಲು ಮಾಡಿದ ಕೆಲಸ ಶಟರ್ ಎಳೆದಿದ್ದು. ಆ ಸಿಸಿಟಿವಿ ದೃಶ್ಯ ನೋಡಿದವರು ಮರೆತಿರಲಾರರು.

ಹಾಗಾಗಿ ಹುಡುಗಿಗೆ ನಾನು ಮೊದಲು ಹೇಳಬೇಕು ಅಂದುಕೊಂಡಿರೋದು ಸಾಮಾನಿನ ವಿಷಯವೇ ಅಲ್ಲ. ಕ್ಯಾಬ್ ಇಳಿಯೋ ಜಾಗದಿಂದ ಪಿಜಿವರೆಗೆ ರಾತ್ರಿ ಯಾವ ಅಂಗಡಿ ತೆರೆದಿರುತ್ತೆ, ಯಾವ ಅಪಾರ್ಟ್‌ಮೆಂಟಿನ ಗೇಟಿನಲ್ಲಿ ವಾಚ್‌ಮನ್ ಎಚ್ಚರವಾಗಿರ್ತಾನೆ, ಹಾಲಿನ ವ್ಯಾನು ಎಷ್ಟು ಹೊತ್ತಿಗೆ ಬರುತ್ತೆ ಅಂತ ಒಂದು ಸಲ ನಡೆದು ನೋಡಿಕೊ ಅಂತ. ಫೋನಿನಲ್ಲಿ 112ಕ್ಕೆ ಹೋಗೋ ತುರ್ತು ಗುಂಡಿಯನ್ನು ಸೆಟ್ ಮಾಡಿಕೊ, ಬೆರಳಿಗೆ ಅಭ್ಯಾಸ ಮಾಡಿಸು. ಕೊಡೆ ಇಟ್ಟುಕೊ, ನಮ್ಮೂರಿನ ಬೀದಿನಾಯಿಗಳ ಮುಂದೆ ಫಟ್ ಅಂತ ಕೊಡೆ ಬಿಚ್ಚಿದರೆ ಎಷ್ಟೋ ಸಲ ಅಷ್ಟೇ ಸಾಕಾಗುತ್ತೆ, ನಿಜವಾಗಿ ನನಗೆ ಜಾಸ್ತಿ ಕೆಲಸಕ್ಕೆ ಬಂದಿರೋದೂ ಅದೇ.

ಆಮೇಲೆ ವಿಶಲ್. ಕಂಡಕ್ಟರ್ ಊದ್ತಾರಲ್ಲ, ಅಂಥದ್ದು. ಪಿನ್ನು ಎಳೆದರೆ ಕಿರುಚೋ ಅಲಾರಂ ಕೂಡ ಸಿಗುತ್ತೆ, 120 ಡೆಸಿಬಲ್ ಅಂತ ಬರೆದಿರ್ತಾರೆ. ಅದೂ ಒಳ್ಳೇದೇ, ಆದರೆ ಸೆಲ್ ಮುಗಿದಿದೆ ಅಂತ ಅದು ಹೇಳಲ್ಲ. ವಿಶಲ್ಲನ್ನು ಅನುಮಾನ ಬಂದಾಗಲೇ ಊದಬಹುದು. ತಪ್ಪಾದರೆ ಯಾರ ಕಣ್ಣೂ ಹೋಗಲ್ಲ, ಕೋರ್ಟಿಗೂ ಹೋಗಬೇಕಾಗಿಲ್ಲ, ಎದುರಿನವನು ನಿಜವಾಗಲೂ ಚಪ್ಪಲಿ ಸರಿ ಮಾಡಿಕೊಳ್ಳುತ್ತಿದ್ದರೆ ಬೆಚ್ಚಿ ಬೀಳ್ತಾನೆ ಅಷ್ಟೆ. ನನಗೆ ಇರೋ ಚಿಂತೆ ಒಂದೇ. ಈ ಊರಲ್ಲಿ ರಾತ್ರಿ ಹನ್ನೊಂದಕ್ಕೆ ವಿಶಲ್ ಊದಿದರೆ ಯಾರಾದರೂ ಬಾಗಿಲು ತೆಗೀತಾರಾ? ಕಾರಿನ ಅಲಾರಂ ಗಂಟೆಗಟ್ಟಲೆ ಹೊಡೆದುಕೊಂಡರೂ ಮಗ್ಗುಲು ಬದಲಿಸಿ ಮಲಗೋ ಜನ ನಾವು.

ಇಷ್ಟನ್ನೂ ಹನ್ನೊಂದು ನಿಮಿಷದ ವಾಯ್ಸ್ ನೋಟ್ ಮಾಡಿ ಕಳಿಸಿದೆ. "ಚಿಕ್ಕಮ್ಮ, ಇಷ್ಟುದ್ದ ಯಾರು ಕೇಳ್ತಾರೆ? ಯಾವುದು ಅಂತ ಹೇಳಿ ಸಾಕು" ಅಂತ ಬಂತು ಉತ್ತರ. "ವಿಶಲ್ ಬ್ಯಾಗಿನ ಪಟ್ಟಿಗೆ, ಸ್ಪ್ರೇ ಹೊರಗಿನ ಜೇಬಿಗೆ. ಪಿನ್ನು ನಿಮ್ಮಮ್ಮನ ಹತ್ರ ಇಸ್ಕೋ" ಅಂತ ಬರೆದೆ.

ಮೊನ್ನೆ ವಿಶಲ್ ತಂದಳಂತೆ. ಪಿಜಿಯ ಮೂರನೇ ಮಹಡಿಯ ಕಾರಿಡಾರಿನಲ್ಲಿ ನಿಂತು, ರಾತ್ರಿ ಹತ್ತೂವರೆಗೆ, ಹೇಗೆ ಕೇಳುತ್ತೆ ನೋಡೋಣ ಅಂತ ಜೋರಾಗಿ ಊದಿದಳಂತೆ. ಪಿಜಿ ಆಂಟಿ ಚೆನ್ನಾಗಿ ಬೈದರು ಅಂತ ಫೋನಿನಲ್ಲಿ ನಗುತ್ತಾ ಹೇಳಿದಳು.

"ಅದಿರಲಿ, ಎಷ್ಟು ಜನ ಹೊರಗೆ ಬಂದ್ರು?" ಅಂತ ಕೇಳಿದೆ.

ಸ್ವಲ್ಪ ಹೊತ್ತು ಲೆಕ್ಕ ಹಾಕಿದಳು. "ಒಂಬತ್ತು ಜನ. ಒಬ್ಬಳು ಪೊರಕೆ ಹಿಡ್ಕೊಂಡು ಬಂದಿದ್ಳು."